ಎರಡು ಎಂಬಿ ಕಂಪ್ಯೂಟರಿನ ಕಥೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಮಾಮೂಲಿ ಸಪೋರ್ಟ್ ನಿಂತುಹೋಯ್ತು. ಹಳೇ ಪಿಸಿಗಳಲ್ಲಿ ಬಹಳಷ್ಟಕ್ಕೆ ವಿಂಡೋಸ್ 11 ಹಿಡಿಸಲ್ಲ. ಹಾಗಾಗಿ ಹಿರಿಯೂರಲ್ಲಿರಲಿ, ಹೊಳಲ್ಕೆರೆಯಲ್ಲಿರಲಿ, ಮನೆಯ ಹಳೇ ಪಿಸಿಗೆ ಲಿನಕ್ಸ್ ಹಾಕೋದು ಒಂದು ದಾರಿ. ಹಾಕಿದ ಮೇಲೂ ನಿಧಾನ ಅನ್ನಿಸಿದ್ರೆ? ಗುಜರಿಗೆ ಕೊಡೋ ಮುಂಚೆ ಈ ಕಥೆ ಕೇಳಿ.

1991ರ ಜನವರಿ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಕಂತಿನ ಮೇಲೆ ಒಂದು 386 ಕಂಪ್ಯೂಟರ್ ತಗೊಂಡ್ರು. ಅದರ ರ‍್ಯಾಮ್ 4 ಎಂಬಿ. ಲಿನಕ್ಸ್ ಹುಟ್ಟಿದ್ದು ಅದರಲ್ಲೇ, ಅಂದ್ರೆ ಒಂದು ಮನೆ ಕಂಪ್ಯೂಟರಿನಲ್ಲಿ. ವರ್ಷದ ಕೊನೆಗೆ ಜರ್ಮನಿಯ ಬಳಕೆದಾರರೊಬ್ಬರ ತಕರಾರು ಬಂತು: ನನ್ನ ಹತ್ರ ಇರೋದು 2 ಎಂಬಿ, ಕರ್ನಲ್ ಕಂಪೈಲ್ ಮಾಡೋಕೆ ಜಾಗ ಸಾಲ್ತಿಲ್ಲ. ಹೊಸ ರ‍್ಯಾಮ್ ತಗೊಳ್ಳಿ ಅಂತ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಟೊರ್ವಾಲ್ಡ್ಸ್ ಹಾಗೆ ಮಾಡ್ಲಿಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಕೂತು, ರ‍್ಯಾಮ್ ತುಂಬಿದಾಗ ಸದ್ಯಕ್ಕೆ ಬೇಡದ ಡೇಟಾ ಡಿಸ್ಕಿಗೆ ಹೋಗೋ ವ್ಯವಸ್ಥೆ ಬರೆದ್ರು. 1992ರ ಜನವರಿಯ 0.12 ಆವೃತ್ತಿಯಲ್ಲಿ ಅದು ಎಲ್ಲರಿಗೂ ಸಿಕ್ತು. ಇವತ್ತು ನಾವು ಸ್ವಾಪ್ ಅನ್ನೋದು ಇದನ್ನೇ.

ದುರ್ಗದವರಿಗೆ ಇದು ಬೇಗ ಅರ್ಥ ಆಗುತ್ತೆ. ನಮ್ಮ ಕೋಟೆಯಲ್ಲಿ ಮೇಲಿನ ಹೊಂಡ ತುಂಬಿದ್ರೆ ನೀರು ಕೆಳಗಿನ ಹೊಂಡಕ್ಕೆ ಇಳಿಯುತ್ತೆ, ಒಂದು ಹನಿನೂ ವೇಸ್ಟ್ ಆಗಲ್ಲ. ಆದ್ರೆ ಕೆಳಗಿಂದ ನೀರು ಹೊತ್ತು ತರೋಕೆ ಟೈಮ್ ಬೇಕು. ಹಾಗೇ ತಿರುಗೋ ಹಾರ್ಡ್ ಡಿಸ್ಕಿಂದ ಡೇಟಾ ವಾಪಸ್ ತರೋದು ತುಂಬಾ ನಿಧಾನ. ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದಾಗ ಪಿಸಿ ತಡವರಿಸೋಕೆ ಎಷ್ಟೋ ಸಲ ಕಾರಣ ಇದೇ.

ಕಡಿಮೆ ಮೆಮೊರಿಯಲ್ಲಿ ಲಿನಕ್ಸ್ ಓಡಿಸೋ ಸಾಹಸ ನಮ್ಮ ರಾಜ್ಯದಲ್ಲೂ ನಡೀತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್‌ಕೋರ್ ಕಂಪನಿಯ ಇಂಜಿನಿಯರುಗಳು ಸೇರಿ ಸಿಂಪ್ಯೂಟರ್ ಮಾಡಿದ್ರು. ಹಾರ್ಡ್ ಡಿಸ್ಕೇ ಇಲ್ಲದ ಈ ಅಂಗೈಯಗಲದ ಯಂತ್ರ ಓಡ್ತಿದ್ದದ್ದು ಲಿನಕ್ಸ್ ಮೇಲೆ. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಆದ್ರೆ ಅಗ್ಗದ ಯಂತ್ರಕ್ಕೂ ತಕ್ಕ ಸಾಫ್ಟ್‌ವೇರ್ ಬರೀಬಹುದು ಅಂತ ತೋರಿಸ್ತು.

ಮುಂದಿನ ಹೆಜ್ಜೆ ಝೆಡ್‌ರ‍್ಯಾಮ್. 2014ರ ಮಾರ್ಚಿನ 3.14 ಕರ್ನಲ್‌ನಲ್ಲಿ ಇದು ಪೂರ್ತಿಯಾಗಿ ಒಳಗೆ ಬಂತು. ಡೇಟಾನ ಡಿಸ್ಕಿಗೆ ಕಳಿಸೋ ಬದಲು, ಬಟ್ಟೆ ಮಡಚಿ ಒತ್ತಿ ಅದೇ ಬೀರುವಲ್ಲಿ ಇಟ್ಟ ಹಾಗೆ, ಕುಗ್ಗಿಸಿ ರ‍್ಯಾಮಿನಲ್ಲೇ ಇಡುತ್ತೆ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲೂ ಇದೇ ತಂತ್ರ ಇದೆ.

ಈಗ ನಿಮ್ಮ ಪಿಸಿಗೆ ಬನ್ನಿ. ಸಿಸ್ಟಮ್ ಮಾನಿಟರ್ ತೆರೆದು ಮೆಮೊರಿ, ಸ್ವಾಪ್ ಎರಡನ್ನೂ ನೋಡಿ. ರ‍್ಯಾಮ್ ತುಂಬಿ ಸ್ವಾಪ್ ಏರ್ತಾನೇ ಇದ್ರೆ ಎಕ್ಸ್‌ಎಫ್‌ಸಿಇ ಥರದ ಹಗುರ ಡೆಸ್ಕ್‌ಟಾಪ್ ಹಾಕಿ, ಝೆಡ್‌ರ‍್ಯಾಮ್ ಆನ್ ಮಾಡಿ. ಎರಡಕ್ಕೂ ದುಡ್ಡು ಬೇಡ. ಖರ್ಚು ಮಾಡೋದೇ ಆದ್ರೆ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ.

ಆ 2 ಎಂಬಿಯ ಬಳಕೆದಾರ ಸುಮ್ಮನಿದ್ದಿದ್ರೆ ಸ್ವಾಪ್ ಇನ್ನೂ ತಡವಾಗ್ತಿತ್ತೇನೋ. ನಿಮ್ಮ ಪಿಸಿಲಿ ಏನು ಓಡ್ತಿಲ್ಲ ಅಂತ ನೀವೂ ಕೇಳಿ. ಮುಂದಿನ ಕಂತಿನಲ್ಲಿ ಸಿಗೋಣ.