ಹಳೇ ಬಾಗಿಲುಗಳು, ಭಾಗ 6: ಓನರ್ ಹೆಂಗಸು, ಆದ್ರೆ ಹೆಂಗಸರಿಗೆ ಪ್ರವೇಶ ಇಲ್ಲ!

ಹೊರಗೆ ನ್ಯೂಯಾರ್ಕ್ ಚಳಿ. ಮ್ಯಾನ್‌ಹಾಟನ್‌ನ ಈಸ್ಟ್ 7ನೇ ಬೀದಿಯಲ್ಲಿ ಒಂದು ಹಳೇ ಬಾಗಿಲು ತಳ್ಳಿ ಒಳಗೆ ಬಂದಿದ್ದೀರಿ ಅಂದ್ಕೊಳ್ಳಿ. ನೆಲದ ಮೇಲೆ ಮರದ ಹೊಟ್ಟು, ಗೋಡೆ ತುಂಬಾ ಹಳೇ ಫೋಟೋಗಳು, ಬೆಚ್ಚಗಿರೋ ಕಬ್ಬಿಣದ ಒಲೆ. ಕುಡಿಯೋಕೆ ಎರಡೇ ಥರದ ಬಿಯರ್: ಲೈಟ್, ಇಲ್ಲಾಂದ್ರೆ ಡಾರ್ಕ್. ಇದು ಮೆಕ್‌ಸೋರ್ಲೀಸ್ ಓಲ್ಡ್ ಏಲ್ ಹೌಸ್. ಬೋರ್ಡ್ ಮೇಲೆ ಬರೆದಿರೋ ಇಸವಿ 1854.

ಶುರು ಮಾಡಿದ್ದು ಐರ್ಲೆಂಡಿನಿಂದ ಬಂದ ಜಾನ್ ಮೆಕ್‌ಸೋರ್ಲಿ. 1840ರ ದಶಕದಲ್ಲಿ ಅಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಂದು ಭೀಕರ ಕ್ಷಾಮ ಆಯ್ತು. ಲಕ್ಷಾಂತರ ಜನ ಹಡಗು ಹತ್ತಿದರು. ಪರದೇಶದಲ್ಲಿ ಅವರಿಗೆ ಇಂಥ ಪಬ್ ಅಂದ್ರೆ ಊರಿನ ಜಗಲಿ ಇದ್ದ ಹಾಗೆ.

ಬಾರ್ ಮೇಲಿನ ದೀಪದಿಂದ ಟರ್ಕಿ ಕೋಳಿಯ ಕವಲುಮೂಳೆಗಳು ನೇತಾಡ್ತಿದ್ದವು. ಮೊದಲ ಮಹಾಯುದ್ಧಕ್ಕೆ ಹೊರಟ ಹುಡುಗರು ಕಟ್ಟಿದ್ದು, ವಾಪಸ್ ಬಂದವರು ತಮ್ಮದನ್ನು ಬಿಚ್ಚಿಕೊಂಡರು, ಉಳಿದದ್ದು ಬಾರದವರದ್ದು ಅಂತ ಹೇಳ್ತಾರೆ.

ಮನಸ್ಸಿಗೆ ಹತ್ತಿರವಾಯ್ತಲ್ವಾ? ಈಗ ಇನ್ನೊಂದು ಮುಖ ನೋಡಿ.

ಈ ಪಬ್‌ಗೆ ಹೆಂಗಸರು ಬರೋ ಹಾಗಿರಲಿಲ್ಲ. 1939ರಲ್ಲಿ ತಂದೆ ತೀರಿಕೊಂಡ ಮೇಲೆ ಡೊರೊಥಿ ಒ'ಕಾನೆಲ್ ಕಿರ್ವನ್ ಇದರ ಒಡತಿಯಾದರು. ಆದರೂ ಅಪ್ಪನಿಗೆ ಕೊಟ್ಟ ಮಾತಿನಂತೆ, ಗಿರಾಕಿಗಳಿರೋ ಹೊತ್ತಲ್ಲಿ ಅವರು ಒಳಗೆ ಬರ್ತಿರಲಿಲ್ಲ. ಗಂಡ ವ್ಯವಹಾರ ನೋಡಿಕೊಂಡರು.

1969ರ ಜನವರಿಯಲ್ಲಿ ಇಬ್ಬರು ಮಹಿಳೆಯರು ಒಳಗೆ ಬಂದರು: ವಕೀಲೆ ಫೇತ್ ಸೈಡೆನ್‌ಬರ್ಗ್ ಮತ್ತು ಹೋರಾಟಗಾರ್ತಿ ಕರೆನ್ ಡಿಕ್ರೋ. ಬಿಯರ್ ಕೊಡಲಿಲ್ಲ. ಅವರು ಸುಮ್ಮನಾಗಲಿಲ್ಲ, ಕೋರ್ಟಿಗೆ ಹೋದರು. ಪಬ್ಬಿನ ವಾದ: ಇದು ನಮ್ಮ ಖಾಸಗಿ ವ್ಯಾಪಾರ. ಕೋರ್ಟ್ ಒಪ್ಪಲಿಲ್ಲ. ನೀವು ನಡೆಯೋದು ಸರ್ಕಾರ ಕೊಟ್ಟ ಲೈಸೆನ್ಸ್ ಮೇಲೆ, ಸಾರ್ವಜನಿಕರಿಗೆ ತೆರೆದ ಜಾಗದಲ್ಲಿ ಹೀಗೆ ಭೇದ ಮಾಡಿದರೆ ಸಂವಿಧಾನದ ಸಮಾನತೆಗೆ ವಿರುದ್ಧ ಅಂತ 1970ರ ಜೂನ್‌ನಲ್ಲಿ ತೀರ್ಪು ಬಂತು. ಆಗಸ್ಟ್‌ನಲ್ಲಿ ಮೇಯರ್ ಜಾನ್ ಲಿಂಡ್ಸೆ ನಗರದ ಕಾನೂನಿಗೂ ಸಹಿ ಹಾಕಿದರು. ಬಾಗಿಲು ತೆರೀತು.

ಪೂರ್ತಿ ತೆರೀತಾ? ಹೆಂಗಸರಿಗೆ ಬೇರೆ ಟಾಯ್ಲೆಟ್ ಕಟ್ಟಿಸಿದ್ದು 1986ರಲ್ಲಿ!

ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರಿಗೆ ನೆಲೆ ಕೊಟ್ಟ ಜಾಗವೇ ಅರ್ಧ ಜನರನ್ನು ಚಳಿಯಲ್ಲಿ ನಿಲ್ಲಿಸಿತ್ತು. ಎರಡೂ ನಿಜ. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳಿದರೆ ಇತಿಹಾಸ ಅಲ್ಲ, ಜಾಹೀರಾತು.

ನಿಮಗೆ ತುಂಬಾ ಇಷ್ಟವಾದ ಒಂದು ಜಾಗ ನೆನಪಿಸಿಕೊಳ್ಳಿ. ಅಲ್ಲಿಗೆ ಯಾರು ಬರೋದೇ ಇಲ್ಲ? ಯಾಕೆ? ಕಾಮೆಂಟ್‌ನಲ್ಲಿ ಬರೀರಿ, ಮಾತಾಡೋಣ.