ರೇವಾದಿಂದ ಬರ್ಲಿನ್‌ವರೆಗೆ: ಟ್ರ್ಯಾಕ್ಟರ್ ಕಂಪನಿಯೊಂದರ ರೇಸಿನ ಚರಿತ್ರೆ

ಧಾರವಾಡ ಜಿಲ್ಲೆಯಲ್ಲಿ ಮಹೀಂದ್ರಾ ಅಂದರೆ ಮೊದಲು ನೆನಪಾಗುವುದು ಟ್ರ್ಯಾಕ್ಟರ್, ಆಮೇಲೆ ಜೀಪು, ಬೊಲೆರೊ. ಹುಬ್ಬಳ್ಳಿಯ ಶೋರೂಮಿಗೆ ಗಾಡಿ ನೋಡಲು ಬಂದ ರೈತರು ಕೇಳುವುದು "ಜಗ್ಗೂದು ಹೆಂಗೈತ್ರಿ? ಎಣ್ಣಿ ಎಷ್ಟ ಕುಡಿತೈತಿ?" ಅಂತ. ಎಷ್ಟು ಜೋರಾಗಿ ಓಡುತ್ತದೆ ಎಂದು ಯಾರೂ ಕೇಳುವುದಿಲ್ಲ. ಅದೇ ಕಂಪನಿಯ ಹೆಸರು ಹೊತ್ತ ರೇಸ್ ಕಾರು ಜಾಗ್ವಾರ್, ಪೋರ್ಶೆ, ನಿಸಾನ್ ಕಾರುಗಳ ಜೊತೆ ಒಂದೇ ಸಾಲಿನಲ್ಲಿ ನಿಲ್ಲುತ್ತದೆ, 2017ರಿಂದ 2021ರ ನಡುವೆ 5 ರೇಸ್ ಗೆದ್ದಿದೆ ಎಂದರೆ ನಮ್ಮ ಕಡೆ ಎಷ್ಟೋ ಮಂದಿಗೆ ನಂಬಿಕೆ ಬರುವುದಿಲ್ಲ.

ಆ ರೇಸಿನ ಹೆಸರು ಫಾರ್ಮುಲಾ ಇ. ಅದು ಪೂರ್ತಿ ವಿದ್ಯುತ್ ಕಾರುಗಳ ಸ್ಪರ್ಧೆ. 2014ರಲ್ಲಿ ಅದು ಶುರುವಾದ ದಿನದಿಂದಲೂ ಕಣದಲ್ಲಿರುವ ಭಾರತದ ತಂಡ ಮಹೀಂದ್ರಾ ಒಂದೇ. ಆದರೆ ಈ ಚರಿತ್ರೆಯನ್ನು 2014ರಿಂದ ಶುರು ಮಾಡಿದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ. ಬಿಟ್ಟುಹೋಗುವ ಆ ಅರ್ಧ ಕರ್ನಾಟಕದ್ದು.

ಜೀಪು, ಟ್ರ್ಯಾಕ್ಟರ್, ಬೈಕ್

1945ರಲ್ಲಿ ಜೆ.ಸಿ. ಮಹೀಂದ್ರಾ, ಕೆ.ಸಿ. ಮಹೀಂದ್ರಾ ಸಹೋದರರು ಮಲಿಕ್ ಗುಲಾಂ ಮಹಮ್ಮದ್ ಜೊತೆ ಸೇರಿ ಉಕ್ಕಿನ ವ್ಯಾಪಾರಕ್ಕೆ ಕಂಪನಿ ಕಟ್ಟಿದರು. ದೇಶ ಇಬ್ಭಾಗವಾದ ಮೇಲೆ ಗುಲಾಂ ಮಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರಾ ಅಂಡ್ ಮಹೀಂದ್ರಾ ಆಯಿತು. ಅಮೆರಿಕದ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಇಲ್ಲಿ ಜೋಡಿಸುವ ಕೆಲಸ ಆ ದಶಕದಲ್ಲೇ ಶುರುವಾಯಿತು. 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಜೊತೆಗೂಡಿ ಟ್ರ್ಯಾಕ್ಟರಿಗೆ ಕೈ ಹಾಕಿದರು.

ಇಟಲಿಯ ಫೆರಾರಿಯಂಥ ಕಂಪನಿಗಳು ರೇಸಿನಲ್ಲೇ ಹುಟ್ಟಿದವು. ರೇಸಿಗೆ ದುಡ್ಡು ಬೇಕು ಅಂತ ಕಾರು ಮಾರಿದವು. ಮಹೀಂದ್ರಾದ್ದು ಉಲ್ಟಾ. ಹೊಲ, ಗುಡ್ಡ, ಕಚ್ಚಾ ರಸ್ತೆಯಲ್ಲಿ ದುಡಿಯುವ ಗಾಡಿ ಮಾಡುತ್ತ ಅರವತ್ತು ವರ್ಷ ದಾಟಿದ ಮೇಲೆ ಅದಕ್ಕೆ ರೇಸಿನ ಯೋಚನೆ ಬಂತು.

ಅಂತರರಾಷ್ಟ್ರೀಯ ಟ್ರ್ಯಾಕಿನಲ್ಲಿ ಕಂಪನಿ ಮೊದಲು ಇಳಿಸಿದ್ದು ಬೈಕು. 2008ರಲ್ಲಿ ಕೈನೆಟಿಕ್ ಕಂಪನಿಯ ದ್ವಿಚಕ್ರ ವ್ಯವಹಾರ ಕೊಂಡ ಮಹೀಂದ್ರಾ, 2011ರಲ್ಲಿ ವಿಶ್ವ ಮೋಟಾರ್‌ಸೈಕಲ್ ಚಾಂಪಿಯನ್‌ಶಿಪ್ಪಿನ 125 ಸಿಸಿ ವಿಭಾಗಕ್ಕೆ ಬಂತು. ಮರುವರ್ಷ ಆ ವಿಭಾಗ ಮೋಟೊ3 ಆಯಿತು. ಗೆಲುವಿಗೆ ಐದು ವರ್ಷ ಕಾಯಬೇಕಾಯಿತು. 2016ರ ಜೂನ್‌ನಲ್ಲಿ ನೆದರ್‌ಲೆಂಡ್ಸಿನ ಅಸೆನ್ ಟ್ರ್ಯಾಕಿನಲ್ಲಿ ಫ್ರಾನ್ಸೆಸ್ಕೊ ಬನ್ಯಾಯಾ ಎಂಬ ಇಟಲಿಯ ಹುಡುಗ ಮಹೀಂದ್ರಾ ಬೈಕಿನಲ್ಲಿ ಮೊದಲಿಗನಾದ. ಮುಂದೆ 2022, 2023ರಲ್ಲಿ ಡುಕಾಟಿ ಬೈಕಿನಲ್ಲಿ ಮೋಟೊಜಿಪಿ ವಿಶ್ವ ಚಾಂಪಿಯನ್ ಆದವನು ಇವನೇ. ಮಹೀಂದ್ರಾ ಮಾತ್ರ 2017ರ ಋತು ಮುಗಿಸಿ ಬೈಕ್ ರೇಸಿನಿಂದ ಹೊರಬಂತು.

ಬೈಕು ಬಿಟ್ಟರೂ ಕಂಪನಿ ಕಾರಿನ ರೇಸಿನಲ್ಲಿ ಉಳಿಯಿತು. ಅದು ವಿದ್ಯುತ್ ಕಾರಿನ ರೇಸನ್ನೇ ಆರಿಸಿಕೊಂಡದ್ದು ಯಾಕೆ ಎಂದು ತಿಳಿಯಲು ಬೆಂಗಳೂರಿಗೆ ಹೋಗಬೇಕು, ಅದಕ್ಕೂ ಮೊದಲು ಅಮೆರಿಕಕ್ಕೆ.

ಬಿಸಿಲಿನ ಮೇಲೆ ಓಡಿದ ಕಾರು

1990ರಲ್ಲಿ ಜನರಲ್ ಮೋಟರ್ಸ್ ಕಂಪನಿ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಒಂದು ಸ್ಪರ್ಧೆ ಇಟ್ಟಿತು. ವಿದ್ಯಾರ್ಥಿಗಳೇ ಸೌರಶಕ್ತಿಯ ಕಾರು ಕಟ್ಟಬೇಕು, ದಕ್ಷಿಣದ ಫ್ಲೋರಿಡಾದಿಂದ ಉತ್ತರದ ಮಿಷಿಗನ್‌ವರೆಗೆ ಸುಮಾರು 2,600 ಕಿ.ಮೀ. ಓಡಿಸಬೇಕು. 32 ತಂಡಗಳಲ್ಲಿ ಮೊದಲು ಬಂದದ್ದು ಮಿಷಿಗನ್ ವಿಶ್ವವಿದ್ಯಾಲಯದ 'ಸನ್‌ರನ್ನರ್'. ಅದೇ ವರ್ಷ ಆ ಕಾರು ಆಸ್ಟ್ರೇಲಿಯಾಕ್ಕೆ ಹೋಗಿ, ಡಾರ್ವಿನ್‌ನಿಂದ ಅಡಿಲೇಡ್‌ವರೆಗಿನ ಸುಮಾರು 3,000 ಕಿ.ಮೀ. ವಿಶ್ವ ಸೌರ ಸ್ಪರ್ಧೆಯಲ್ಲಿ ಮೂರನೆಯದಾಯಿತು. ಎರಡನೆಯದಾಗಿ ಬಂದದ್ದು ಹೋಂಡಾ ಕಂಪನಿಯ ಕಾರು.

ಆ ವಿದ್ಯಾರ್ಥಿ ತಂಡದಲ್ಲಿ ಬೆಂಗಳೂರಿನ ಒಬ್ಬ ಹುಡುಗ ಇದ್ದ, ಚೇತನ್ ಮೈನಿ. ಸೌರ ಕಾರಿನ ಓಟದಲ್ಲಿ ಎಂಜಿನ್ನಿನ ಜೋರಿನಿಂದ ಗೆಲ್ಲಲಾಗುವುದಿಲ್ಲ. ಸಿಗುವ ವಿದ್ಯುತ್ತೇ ಅಷ್ಟು; ಅದನ್ನು ಚೂರೂ ಪೋಲು ಮಾಡದೆ ಹೆಚ್ಚು ದೂರ ಹೋದವನೇ ಗೆಲ್ಲುತ್ತಾನೆ. ಗಾಡಿ ಹಗುರ ಇರಬೇಕು, ಗಾಳಿಯ ತಡೆ ಕಡಿಮೆ ಆಗಬೇಕು, ಮೋಟಾರು ಮತ್ತು ಬ್ಯಾಟರಿಯ ಲೆಕ್ಕ ತಪ್ಪಬಾರದು. ಕಾಲು ನೂರ್ಮಾನದ ನಂತರ ಫಾರ್ಮುಲಾ ಇ ರೇಸ್ ನಿಂತದ್ದೂ ಇದೇ ಲೆಕ್ಕದ ಮೇಲೆ.

1994ರಲ್ಲಿ ಮೈನಿ ಸಮೂಹ ಅಮೆರಿಕದ ಅಮೆರಿಗಾನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿ ಸ್ಥಾಪಿಸಿತು. ರೇವಾ ಎನ್ನುವುದು ಚೇತನ್ ಅವರ ತಾಯಿಯ ಹೆಸರು. 2001ರಲ್ಲಿ ಕಾರು ರಸ್ತೆಗೆ ಬಂತು. ಎರಡು ಬಾಗಿಲು, ಪ್ಲಾಸ್ಟಿಕ್ ಮೈ, ನಮ್ಮ ಮನೆಯ ಇನ್ವರ್ಟರಿಗೆ ಇಡುವಂಥ ಸೀಸ-ಆಮ್ಲದ ಬ್ಯಾಟರಿ. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಓಟ, ವೇಗವೂ ಹೆಚ್ಚೆಂದರೆ ಗಂಟೆಗೆ 80 ಕಿ.ಮೀ. ಲಂಡನ್ನಿನಲ್ಲಿ ಇದೇ ಕಾರು 'ಜಿ-ವಿಜ್' ಹೆಸರಿನಲ್ಲಿ ಮಾರಾಟವಾಯಿತು. ಅಲ್ಲಿ ನಗರದ ನಡುಭಾಗಕ್ಕೆ ಕಾರು ತಂದರೆ ಕಟ್ಟಬೇಕಾದ ದಟ್ಟಣೆ ಶುಲ್ಕದಿಂದ ವಿದ್ಯುತ್ ಕಾರಿಗೆ ವಿನಾಯಿತಿ ಇತ್ತು. ಕಾರಿನ ಆಕಾರ ಮತ್ತು ಸುರಕ್ಷತೆಯ ಬಗ್ಗೆ ಬ್ರಿಟನ್ನಿನ ಟಿವಿಯವರು ಗೇಲಿ ಮಾಡಿದ್ದೂ ಉಂಟು. ಆದರೆ ಆ ಕಾಲಕ್ಕೆ ದೊಡ್ಡ ಕಂಪನಿಗಳ ವಿದ್ಯುತ್ ಕಾರುಗಳು ಪ್ರದರ್ಶನದಲ್ಲಿ ನಿಂತಿದ್ದಾಗ ಬೆಂಗಳೂರಿನ ಗಾಡಿ ಪ್ರತಿದಿನ ರಸ್ತೆಯಲ್ಲಿ ಓಡಿ ಅನುಭವ ಗಳಿಸುತ್ತಿತ್ತು.

ಮಹೀಂದ್ರಾ ಕೊಂಡದ್ದು ಈ ಅನುಭವವನ್ನೇ. 2010ರ ಮೇನಲ್ಲಿ ರೇವಾದ ಶೇ 55.2ರಷ್ಟು ಪಾಲು ಪಡೆಯಿತು. 2012ರಲ್ಲಿ ಬೆಂಗಳೂರಿನ ಬೊಮ್ಮಸಂದ್ರದಲ್ಲಿ ವರ್ಷಕ್ಕೆ 30 ಸಾವಿರ ಕಾರು ಮಾಡಬಲ್ಲ ಕಾರ್ಖಾನೆ ತೆರೆಯಿತು. 2013ರ ಮಾರ್ಚ್‌ನಲ್ಲಿ ಲಿಥಿಯಂ ಬ್ಯಾಟರಿಯ 'ಇ2ಒ' ಕಾರು ಬಂತು. ಅದೇ ವರ್ಷದ ಕೊನೆಗೆ, ಇನ್ನೂ ಒಂದು ರೇಸೂ ನಡೆಯದಿದ್ದ ಫಾರ್ಮುಲಾ ಇಗೆ ಮಹೀಂದ್ರಾ ಹೆಸರು ಕೊಟ್ಟಿತು. ರೇವಾ ಕೈಗೆ ಬರದಿದ್ದರೆ ಟ್ರ್ಯಾಕ್ಟರ್ ಕಂಪನಿಗೆ ವಿದ್ಯುತ್ ರೇಸಿನಲ್ಲಿ ಹೇಳಿಕೊಳ್ಳಲು ಏನೂ ಇರುತ್ತಿರಲಿಲ್ಲ.

ಎಲ್ಲರಿಗೂ ಒಂದೇ ಗೆರೆ

ಇದಕ್ಕೂ ಮೊದಲೇ ಬೆಂಗಳೂರಿನಿಂದ ಇನ್ನೊಬ್ಬರು ಮೋಟಾರು ರೇಸಿನ ಶಿಖರ ಹತ್ತಲು ಹೋಗಿದ್ದರು. 2007ರಲ್ಲಿ ಯುಬಿ ಸಮೂಹದ ವಿಜಯ್ ಮಲ್ಯ ಪಾಲುದಾರರೊಬ್ಬರ ಜೊತೆ ಸ್ಪೈಕರ್ ಎಂಬ ಫಾರ್ಮುಲಾ ಒನ್ ತಂಡವನ್ನು 8.8 ಕೋಟಿ ಯೂರೋ ಕೊಟ್ಟು ಕೊಂಡು ಅದಕ್ಕೆ ಫೋರ್ಸ್ ಇಂಡಿಯಾ ಎಂದು ಹೆಸರಿಟ್ಟರು. ತಂಡದ ಮನೆ ಇಂಗ್ಲೆಂಡಿನ ಸಿಲ್ವರ್‌ಸ್ಟನ್‌ನಲ್ಲಿ. ಎಂಜಿನ್ ಮೊದಲು ಫೆರಾರಿಯದು, ನಂತರ ಮರ್ಸಿಡಿಸ್‌ದು. 2009ರಲ್ಲಿ ಬೆಲ್ಜಿಯಂ ರೇಸಿನಲ್ಲಿ ಫಿಸಿಕೆಲ್ಲಾ ಎಲ್ಲರಿಗಿಂತ ಮುಂದಿನಿಂದ ಹೊರಟು ಎರಡನೆಯವರಾಗಿ ಬಂದರು. ಸಣ್ಣ ತಂಡಕ್ಕೆ ಅದು ದೊಡ್ಡ ಸಾಧನೆಯೇ. 2018ರ ಜುಲೈನಲ್ಲಿ ಸಾಲದ ಕಾರಣಕ್ಕೆ ತಂಡ ನ್ಯಾಯಾಲಯ ನೇಮಿಸಿದ ಆಡಳಿತಗಾರರ ಕೈಗೆ ಹೋಯಿತು, ಆಮೇಲೆ ಬೇರೆಯವರ ಪಾಲಾಯಿತು. ಹೆಸರಿನಲ್ಲಿದ್ದ ಇಂಡಿಯಾ ಅಲ್ಲಿಗೆ ಮುಗಿಯಿತು.

ಫಾರ್ಮುಲಾ ಒನ್‌ನಲ್ಲಿ ಹೊಸಬರು ಅರವತ್ತು ವರ್ಷ ಹಿಂದಿನಿಂದ ಓಡಬೇಕು. ಫಾರ್ಮುಲಾ ಇಯಲ್ಲಿ ಮೊದಲ ವರ್ಷ ಎಲ್ಲ 10 ತಂಡಗಳಿಗೂ ಒಂದೇ ಕಾರು: ಕಾರಿನ ಮೈ ಇಟಲಿಯ ಡಲ್ಲಾರಾದ್ದು, ಮೋಟಾರು ಮೆಕ್‌ಲಾರೆನ್‌ದು, ಬ್ಯಾಟರಿ ವಿಲಿಯಮ್ಸ್‌ದು. ಬಳಸಬಹುದಾದ ವಿದ್ಯುತ್ 28 ಯೂನಿಟ್, ಹೆಸ್ಕಾಂ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಅಷ್ಟರಲ್ಲಿ ರೇಸ್ ಮುಗಿಯುವುದಿಲ್ಲವಾದ್ದರಿಂದ ಚಾಲಕ ಅರ್ಧ ದಾರಿಯಲ್ಲಿ ಒಂದು ಕಾರಿನಿಂದ ಇಳಿದು ಇನ್ನೊಂದಕ್ಕೆ ಹತ್ತುತ್ತಿದ್ದ. ನಮ್ಮ ಜಾತ್ರೆಗಳ ತೆರಬಂಡಿ ಸ್ಪರ್ಧೆಯಲ್ಲಿ ಎಲ್ಲ ಜೋಡಿ ಎತ್ತುಗಳಿಗೂ ಒಂದೇ ಬಂಡಿ ಕೊಟ್ಟಂತೆ ಇದು. ಬಂಡಿಯ ನೆಪ ಹೇಳುವಂತಿಲ್ಲ.

2014ರ ಸೆಪ್ಟೆಂಬರ್ 13ರಂದು ಬೀಜಿಂಗ್‌ನಲ್ಲಿ ಮೊದಲ ರೇಸ್. ಮಹೀಂದ್ರಾ ಚಾಲಕರು ಚೆನ್ನೈನ ಕರುಣ್ ಚಾಂಧೋಕ್ ಮತ್ತು ಬ್ರೆಜಿಲ್‌ನ ಬ್ರೂನೊ ಸೆನ್ನಾ. ಚಾಂಧೋಕ್ ಐದನೆಯವರಾದರು. ವರ್ಷದ ಕೊನೆಗೆ ತಂಡ ಎಂಟನೇ ಸ್ಥಾನದಲ್ಲಿತ್ತು. ಮರುವರ್ಷ ಜರ್ಮನಿಯ ನಿಕ್ ಹೈಡ್‌ಫೆಲ್ಡ್ ಬಂದರು. ಅದೇ ಬೀಜಿಂಗ್‌ನಲ್ಲಿ ಮೂರನೆಯವರಾಗಿ ತಂಡಕ್ಕೆ ಮೊದಲ ವೇದಿಕೆ ಕಾಣಿಸಿದರು.

2017ರ ಜೂನ್ 10ರಂದು ಬರ್ಲಿನ್ನಿನ ಹಳೆಯ ಟೆಂಪಲ್‌ಹೋಫ್ ವಿಮಾನ ನಿಲ್ದಾಣದ ಅಂಗಳದಲ್ಲಿ ಸ್ವೀಡನ್ನಿನ ಫೆಲಿಕ್ಸ್ ರೋಸೆನ್‌ಕ್ವಿಸ್ಟ್ ಮೊದಲ ಗೆಲುವು ತಂದರು, ಹೈಡ್‌ಫೆಲ್ಡ್ ಮೂರನೆಯವರು. ಮರುದಿನದ ರೇಸಿನಲ್ಲೂ ರೋಸೆನ್‌ಕ್ವಿಸ್ಟ್ ಮೊದಲು ಗೆರೆ ದಾಟಿದರು. ಆದರೆ ಕಾರು ಬದಲಿಸುವ ಜಾಗದಿಂದ ಅಪಾಯಕರವಾಗಿ ಹೊರಬಿಟ್ಟ ತಪ್ಪಿಗೆ 10 ಸೆಕೆಂಡ್ ದಂಡ ಬಿತ್ತು, ಗೆಲುವು ಕೈತಪ್ಪಿತು. ಆ ಋತುವಿನಲ್ಲಿ ತಂಡ ಮೂರನೇ ಸ್ಥಾನಕ್ಕೆ ಏರಿತು.

ನಂತರದ ದಾರಿ ನೇರವಾಗಿರಲಿಲ್ಲ. ಆಡಿ, ಬಿಎಂಡಬ್ಲ್ಯು, ಮರ್ಸಿಡಿಸ್, ಪೋರ್ಶೆ ಒಂದೊಂದಾಗಿ ಕಣಕ್ಕಿಳಿದವು. 2018ರ ಕೊನೆಗೆ ಬಂದ ಎರಡನೇ ತಲೆಮಾರಿನ ಕಾರಿನ ಬ್ಯಾಟರಿ 54 ಯೂನಿಟ್‌ಗೆ ಏರಿತು. ನಡುದಾರಿಯಲ್ಲಿ ಕಾರು ಬದಲಿಸುವುದು ನಿಂತಿತು. 2020-21ರಲ್ಲಿ ಸ್ಪರ್ಧೆಗೆ ವಿಶ್ವ ಚಾಂಪಿಯನ್‌ಶಿಪ್ ದರ್ಜೆ ಸಿಕ್ಕಿತು. ಮಹೀಂದ್ರಾ ಮಾತ್ರ ಒಂಬತ್ತು, ಹತ್ತನೇ ಸ್ಥಾನಕ್ಕೆ ಇಳಿಯಿತು. 2023ರ ಫೆಬ್ರುವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ಭಾರತದ ಮೊದಲ ಫಾರ್ಮುಲಾ ಇ ರೇಸ್ ನಡೆದಾಗ ಮನೆಯಂಗಳದಲ್ಲೂ ಗೆಲುವು ಸಿಗಲಿಲ್ಲ. ಅದೇ ತಿಂಗಳು ಕೇಪ್‌ಟೌನಿನಲ್ಲಿ ಹಿಂದಿನ ಸಸ್ಪೆನ್ಷನ್ ಸುರಕ್ಷಿತವಲ್ಲವೆಂದು ತಂಡವೇ ಕಾರುಗಳನ್ನು ಹಿಂದಕ್ಕೆ ಪಡೆಯಿತು. ಅಲ್ಲಿಂದ ಮತ್ತೆ ಕಟ್ಟಿಕೊಂಡು 2024-25ರಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಿದೆ. ಆಡಿ, ಬಿಎಂಡಬ್ಲ್ಯು, ಮರ್ಸಿಡಿಸ್ ತಂಡಗಳು ಅಷ್ಟರಲ್ಲಿ ಬಿಟ್ಟುಹೋಗಿದ್ದವು. ಸೋತ ವರ್ಷಗಳಲ್ಲೂ ಬಿಡದೆ ನಿಂತದ್ದನ್ನು ಈ ಕಂಪನಿಯ ರೇಸ್ ಪರಂಪರೆ ಎನ್ನಬಹುದು.

ಹೆಸರು ನಮ್ಮದು, ಕೈ ಯಾರದು?

ಇಷ್ಟು ಹೇಳಿದ ಮೇಲೆ ಒಂದು ಮಾತು ಕೇಳಲೇಬೇಕು. ಈ ತಂಡದ ಗ್ಯಾರೇಜು ಇರುವುದು ಇಂಗ್ಲೆಂಡಿನ ಬ್ಯಾನ್‌ಬರಿಯಲ್ಲಿ. ಮೋಟಾರು ವ್ಯವಸ್ಥೆಗೆ ಮೊದಲು ಇಟಲಿಯ ಮ್ಯಾಗ್ನೆಟಿ ಮರೆಲ್ಲಿ, ಆಮೇಲೆ ಜರ್ಮನಿಯ ಝಡ್‌ಎಫ್ ಜೊತೆಯಾದವು. ಮೊದಲ ಋತುವಿನ ಚಾಂಧೋಕ್ ಬಿಟ್ಟರೆ ತಂಡದ ರೇಸ್ ಸೀಟಿನಲ್ಲಿ ಭಾರತದವರು ಕೂತಿಲ್ಲ. ಇದು ಮಹೀಂದ್ರಾ ಒಂದರ ಮಾತಲ್ಲ. ರೇಸ್ ಕಾರಿನ ಬಿಡಿಭಾಗ ಮಾಡುವವರು, ನುರಿತ ಎಂಜಿನಿಯರುಗಳು, ಪರೀಕ್ಷೆಯ ಟ್ರ್ಯಾಕು ಎಲ್ಲ ಇಂಗ್ಲೆಂಡಿನ ಆ ಸೀಮೆಯಲ್ಲೇ ಕೂಡಿಕೊಂಡಿವೆ. ಫೋರ್ಸ್ ಇಂಡಿಯಾ ಅಲ್ಲಿದ್ದದ್ದೂ ಅದಕ್ಕೇ.

ಆದರೆ ರೇಸಿನಿಂದ ನಮ್ಮ ರಸ್ತೆಗೆ ಏನು ಬಂತು ಎಂದು ನೋಡಿದರೆ ಲೆಕ್ಕ ಬೇರೆಯಾಗುತ್ತದೆ. 2018ರ ನವೆಂಬರ್‌ನಲ್ಲಿ ಮಹೀಂದ್ರಾ ಬೆಂಗಳೂರಿನಲ್ಲಿ 'ಟ್ರಿಯೊ' ವಿದ್ಯುತ್ ಆಟೊ ಬಿಡುಗಡೆ ಮಾಡಿತು. ಆಟೊ ಓಡಿಸುವವರಿಗೆ 225 ಕಿ.ಮೀ. ವೇಗ ಬೇಡ. ಬೆಳಿಗ್ಗೆ ಹಾಕಿದ ಚಾರ್ಜ್ ಸಂಜೆವರೆಗೆ ಬರಬೇಕು, ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಒಂದಿಷ್ಟು ವಿದ್ಯುತ್ ಬ್ಯಾಟರಿಗೆ ಮರಳಬೇಕು. ಅಳೆದು ಖರ್ಚು ಮಾಡುವ ಈ ವಿದ್ಯೆಯನ್ನು ಬೆಂಗಳೂರು ಬರ್ಲಿನ್ ಗೆಲುವಿಗಿಂತ ಮೊದಲೇ ಕಲಿತಿತ್ತು. ಕಲಿಯಲು ಶುರು ಮಾಡಿದ್ದು 1990ರ ಆ ವಿದ್ಯಾರ್ಥಿ ಓಟದಲ್ಲಿ.

ಅದಕ್ಕೇ ಈ ಚರಿತ್ರೆಯಲ್ಲಿ ನಮ್ಮ ಕಡೆಯ ಹುಡುಗ ಹುಡುಗಿಯರು ನೋಡಬೇಕಾದ್ದು ವೇದಿಕೆಯ ಫೋಟೊ ಅಲ್ಲ, ಕಾಲೇಜಿನ ವರ್ಕ್‌ಶಾಪು. ವಿಶ್ವವಿದ್ಯಾಲಯವೊಂದು ತನ್ನ ವಿದ್ಯಾರ್ಥಿಗಳಿಗೆ ಜಾಗ, ಸಾಮಾನು, ಸಮಯ ಕೊಟ್ಟು "ಕಟ್ಟಿ ಓಡಿಸಿ" ಎಂದಿತು. ಅದರಿಂದ ಒಂದು ಕಾರ್ಖಾನೆ ಹುಟ್ಟಿತು. ನಮ್ಮಲ್ಲೂ ಅಂಥ ಬಾಗಿಲು ಇಲ್ಲದಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಗಾಡಿ ಕಟ್ಟಿ ಮಧ್ಯಪ್ರದೇಶದ ಪೀತಂಪುರದಲ್ಲಿ ಓಡಿಸುವ ಬಾಜಾ ಎಸ್‌ಎಇ ಸ್ಪರ್ಧೆ 2007ರಿಂದ ನಡೆಯುತ್ತಿದೆ. ಅದಕ್ಕೆ ವರ್ಷಗಟ್ಟಲೆ ಹೆಸರು, ಹಣ ಕೊಟ್ಟದ್ದೂ ಮಹೀಂದ್ರಾವೇ. ವಿದ್ಯುತ್ ಗಾಡಿಗೂ ಅಲ್ಲಿ ಪ್ರತ್ಯೇಕ ವಿಭಾಗವಿದೆ.

ಆದರೆ ಆ ಬಾಗಿಲು ಎಂಜಿನಿಯರಿಂಗ್ ಸೀಟು ಸಿಕ್ಕವರಿಗೆ ಮಾತ್ರ ತೆರೆದಿದೆ. ಐಟಿಐ, ಡಿಪ್ಲೊಮಾ ಓದಿದವರೂ ಗೋಕುಲ ರೋಡಿನ ಗ್ಯಾರೇಜುಗಳಲ್ಲಿ ಟ್ರ್ಯಾಕ್ಟರ್ ಗೇರ್‌ಬಾಕ್ಸ್ ಬಿಚ್ಚಿ ಕೂಡಿಸುವವರೂ ಹೊರಗೇ ಉಳಿಯುತ್ತಾರೆ. ಅವರಿಗೆ ಬ್ಯಾಟರಿ, ಮೋಟಾರು, ಕಂಟ್ರೋಲರ್ ಕೆಲಸವನ್ನು ಸರಿಯಾಗಿ ಕಲಿಸುವ ಜಾಗ ಹುಬ್ಬಳ್ಳಿ-ಧಾರವಾಡದಲ್ಲಿ ಬೇಕು. ರಸ್ತೆಯಲ್ಲಿ ವಿದ್ಯುತ್ ಆಟೊ, ಸ್ಕೂಟರು ಹೆಚ್ಚುತ್ತಿರುವಾಗ ಡೀಸೆಲ್ ಎಂಜಿನ್ ಒಂದನ್ನೇ ಬಲ್ಲ ಮೆಕ್ಯಾನಿಕ್‌ಗೆ ಮುಂದಿನ ಹತ್ತು ವರ್ಷ ಸುಲಭವಲ್ಲ. ರೇಸಿನ ಗ್ಯಾರೇಜು ಬ್ಯಾನ್‌ಬರಿಯಲ್ಲೇ ಇರಲಿ. ದುರಸ್ತಿಯ ಗ್ಯಾರೇಜು ಹೇಗೂ ಇಲ್ಲಿಯೇ ಇರಬೇಕಲ್ಲ.