ಗೋಳಗುಮ್ಮಟವನ್ನು ಕೇಳುವುದು



ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಪ್ರೌಢಶಾಲೆಗಳಲ್ಲಿ ನನ್ನ ಸೇವಾವಧಿಯ ಬಹುಭಾಗ ಕಳೆಯಿತು. ಮೂರೂ ಕಡೆ ಶೈಕ್ಷಣಿಕ ಪ್ರವಾಸವೆಂದರೆ ವಿಜಯಪುರ ತಪ್ಪುತ್ತಿರಲಿಲ್ಲ. ಮರಳಿ ಬಂದ ಮೇಲೆ ನಾನು ಬರೆಸುತ್ತಿದ್ದ ಪ್ರಬಂಧಗಳಲ್ಲಿ ಒಂದು ವಾಕ್ಯ ಎಲ್ಲರ ಹಾಳೆಯಲ್ಲೂ ಇರುತ್ತಿತ್ತು: ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳಿಸುತ್ತದೆ. ನಿಮ್ಮಲ್ಲಿ ಅನೇಕರು ಬರೆದಿದ್ದೀರಿ. ಆ ಒಂದು ವಾಕ್ಯದ ಹಿಂದಿರುವ ಚರಿತ್ರೆಯನ್ನು ಇಂದು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆನಿಸಿದೆ.

ಆದಿಲಶಾಹಿ ಮನೆತನಕ್ಕೆ ನಾದದ ನಂಟು ಹಳೆಯದು. ಎರಡನೆಯ ಇಬ್ರಾಹಿಂ ಆದಿಲಶಹನು ಸ್ವತಃ ಸಂಗೀತಪ್ರಿಯನಾಗಿದ್ದು, 'ಕಿತಾಬ್-ಎ-ನವರಸ್' ಎಂಬ ಗೇಯಕೃತಿಯನ್ನು ದಖ್ಖನಿ ಭಾಷೆಯಲ್ಲಿ ರಚಿಸಿದನು. 1599ರಲ್ಲಿ ವಿಜಯಪುರದ ಪಶ್ಚಿಮಕ್ಕೆ ನವರಸಪುರವೆಂಬ ಹೊಸ ನಗರವನ್ನೇ ಕಟ್ಟಿಸತೊಡಗಿದನು. ತೊರವಿಯ ಬಳಿ ಪಾಳುಬಿದ್ದಿರುವ ಸಂಗೀತ ಮಹಲು ಆ ಕನಸಿನ ಉಳಿಕೆ. ಅವನ ಮಗ ಮಹಮ್ಮದ್ ಆದಿಲಶಹನು 1627ರಿಂದ 1656ರವರೆಗೆ ಆಳಿ, ತಾನೇ ಕಟ್ಟಿಸಿದ ಗೋಳಗುಮ್ಮಟದಲ್ಲಿ ಮಣ್ಣಾದನು. ಅದರ ಎದುರಿಗಿರುವ, ಇಂದು ವಸ್ತುಸಂಗ್ರಹಾಲಯವಾಗಿರುವ ಕಟ್ಟಡವೂ ಮೂಲತಃ ನಗಾರಖಾನೆಯೇ, ಅಂದರೆ ನಗಾರಿ ಬಾರಿಸುವ ಸ್ಥಳ.

ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಎಂಟು ಕಮಾನುಗಳು ಒಂದನ್ನೊಂದು ಹಾಯ್ದು, ಕೆಳಗಿನ ಚೌಕವನ್ನು ಮೇಲಿನ ವೃತ್ತಕ್ಕೆ ಜೋಡಿಸುತ್ತವೆ. ನಡುವೆ ಒಂದು ಕಂಬವೂ ಇಲ್ಲ. ನಾಲ್ಕು ಮೂಲೆಗಳಲ್ಲಿ ಏಳು ಅಂತಸ್ತಿನ ಮಿನಾರುಗಳಿವೆ. ಅವುಗಳೊಳಗಿನ ಕಿರಿದಾದ ಮೆಟ್ಟಿಲುಗಳನ್ನೇರಿದರೆ ಗುಮ್ಮಟದ ಬುಡದಲ್ಲಿ, ಒಳಸುತ್ತಿಗೆ ಸುಮಾರು 3 ಮೀಟರು ಅಗಲದ ಮೊಗಸಾಲೆ ಸಿಗುತ್ತದೆ. ಅದೇ ಪಿಸುಮಾತಿನ ಗ್ಯಾಲರಿ.

ಅಲ್ಲಿ ಎರಡು ಬೇರೆ ಬೇರೆ ಸಂಗತಿಗಳು ನಡೆಯುತ್ತವೆ. ಮೊದಲನೆಯದು ಪ್ರತಿಧ್ವನಿ. ಕೂಗು ಎದುರಿನ ಗೋಡೆಗೆ ಹೋಗಿ ಬರಲು 76 ಮೀಟರು ಕ್ರಮಿಸಬೇಕು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು, ಆದ್ದರಿಂದ ಒಂದು ಸುತ್ತಿಗೆ ಸುಮಾರು 0.22 ಸೆಕೆಂಡು ಹಿಡಿಯುತ್ತದೆ. ಎರಡು ಶಬ್ದಗಳ ನಡುವೆ 0.1 ಸೆಕೆಂಡಿನ ಅಂತರವಿದ್ದರೆ ನಮ್ಮ ಕಿವಿ ಅವುಗಳನ್ನು ಬಿಡಿಬಿಡಿಯಾಗಿ ಗುರುತಿಸಬಲ್ಲುದು. ನುಣುಪಾದ ಗಚ್ಚಿನ ಗೋಡೆ ಶಬ್ದವನ್ನು ಹೀರಿಕೊಳ್ಳದೆ ಮತ್ತೆ ಮತ್ತೆ ಹಿಂದಿರುಗಿಸುವುದರಿಂದ ಒಂದು ಕೂಗು ಹಲವಾಗುತ್ತದೆ.

ಎರಡನೆಯದು ಪಿಸುಮಾತು, ಇದು ಇನ್ನೂ ಸೂಕ್ಷ್ಮ. ಬಯಲಿನಲ್ಲಿ ಆಡಿದ ಮಾತು ಎಲ್ಲ ದಿಕ್ಕಿಗೂ ಹರಡಿ ಬೇಗ ಕ್ಷೀಣಿಸುತ್ತದೆ. ಒಳಬಾಗಿದ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಶಬ್ದವು ಗೋಡೆಯನ್ನೇ ಸವರಿಕೊಂಡು, ಸಣ್ಣ ಸಣ್ಣ ಪ್ರತಿಫಲನಗಳಿಂದ ಸುತ್ತುಹಾಕಿ, ಎದುರಿಗೆ ಗೋಡೆಗೆ ಕಿವಿಗೊಟ್ಟವನನ್ನು ಮುಟ್ಟುತ್ತದೆ. ಲಂಡನ್ನಿನ ಸಂತ ಪೌಲರ ಕೆಥೆಡ್ರಲ್ಲಿನ ಇಂತಹುದೇ ಗ್ಯಾಲರಿಯನ್ನು ಪರಿಶೀಲಿಸಿ ಈ ವಿವರಣೆ ನೀಡಿದವರು ಲಾರ್ಡ್ ರೇಲೀ. 1910ರಲ್ಲಿ ಅವರು ಇದರ ಗಣಿತವನ್ನೂ ಪ್ರಕಟಿಸಿದರು. 1921ರಲ್ಲಿ ಇಂಗ್ಲೆಂಡಿಗೆ ಹೋದ ನಮ್ಮ ಸಿ.ವಿ. ರಾಮನ್ನರು ಅದೇ ಕೆಥೆಡ್ರಲ್ಲಿನಲ್ಲಿ ಪ್ರಯೋಗ ಮಾಡಿ, ಗೋಡೆಯಿಂದ ಒಳಕ್ಕೆ ಸರಿದಂತೆ ಶಬ್ದವು ಒಮ್ಮೆ ಏರಿ ಒಮ್ಮೆ ಇಳಿಯುವುದನ್ನು ಗುರುತಿಸಿದರು. ಸ್ವದೇಶಕ್ಕೆ ಮರಳಿದ ಮೇಲೆ ಗೋಳಗುಮ್ಮಟವನ್ನೂ ಪಾಟ್ನಾದ ಗೋಲಘರವನ್ನೂ ತಮ್ಮ ಅಧ್ಯಯನಕ್ಕೆ ಸೇರಿಸಿಕೊಂಡರು. ಗೋಲಘರವು 1786ರಲ್ಲಿ ಕಟ್ಟಿದ ಧಾನ್ಯದ ಕಣಜ. ಒಂದು ಸಮಾಧಿ, ಒಂದು ದೇವಾಲಯ, ಒಂದು ಕಣಜ: ಉದ್ದೇಶಗಳು ಮೂರಾದರೂ ಬಾಗಿದ ಗೋಡೆಯ ಗುಣ ಒಂದೇ.

ನಮ್ಮ ಕಲಬುರಗಿ ಕೋಟೆಯ ಜಾಮಿಯಾ ಮಸೀದಿಯನ್ನೂ ಈ ದೃಷ್ಟಿಯಿಂದ ನೆನೆಯಬೇಕು. 1367ರ ಈ ಮಸೀದಿಗೆ ತೆರೆದ ಅಂಗಳವಿಲ್ಲ, ಇಡೀ ಕಟ್ಟಡಕ್ಕೆ ಗುಮ್ಮಟಗಳ ಮೇಲ್ಛಾವಣಿಯಿದೆ. ಬಿಸಿಲಿನಿಂದ ಒಳಗೆ ಕಾಲಿಟ್ಟ ಕೂಡಲೇ ಸ್ವಂತ ಹೆಜ್ಜೆಯ ಸದ್ದು ಬೇರೆಯಾಗಿ ಕೇಳುತ್ತದೆ. ಹಂಪಿಯ ವಿಜಯವಿಠ್ಠಲ ದೇವಾಲಯದಲ್ಲಿ ಕಲ್ಲಿನ ಕಂಬಗಳೇ ಸ್ವರ ನುಡಿಯುತ್ತವೆ. ತಟ್ಟಿ ತಟ್ಟಿ ಸವೆಸುವವರ ಕಾಟಕ್ಕೆ ಈಗ ಅವನ್ನು ಮುಟ್ಟಗೊಡುವುದಿಲ್ಲ.

ಇತ್ತೀಚಿನ ದಶಕಗಳಲ್ಲಿ ಕಲಾವಿದರು 'ಧ್ವನಿ ಪ್ರತಿಷ್ಠಾಪನೆ' ಎಂಬ ಹೆಸರಿನಲ್ಲಿ ಇದೇ ವಿದ್ಯೆಯನ್ನು ಕೈಗೆತ್ತಿಕೊಂಡಿದ್ದಾರೆ. ಬರ್ನ್‌ಹಾರ್ಡ್ ಲೈಟ್ನರ್ 1987ರಲ್ಲಿ ಪ್ಯಾರಿಸ್ಸಿನ ಉದ್ಯಾನವೊಂದರಲ್ಲಿ, ಒಳಗೆ ನಿಂತು ಕೇಳುವಂತಹ ಕಾಂಕ್ರೀಟಿನ ಸಿಲಿಂಡರ್ ನಿರ್ಮಿಸಿದರು. ಕ್ರೊಯೇಷಿಯಾದ ಜಾದರ್ ನಗರದಲ್ಲಿ 2005ರಲ್ಲಿ ವಾಸ್ತುಶಿಲ್ಪಿ ನಿಕೋಲಾ ಬಾಶಿಚ್ ಕಡಲತೀರದ ಮೆಟ್ಟಿಲುಗಳ ಕೆಳಗೆ 35 ಕೊಳವೆಗಳನ್ನು ಹುದುಗಿಸಿದರು. ಅಲೆ ಬಂದಾಗ ಅವು ತಾವೇ ನುಡಿಯುತ್ತವೆ. 2018ರ ಕೊಚ್ಚಿ ಬಿನಾಲೆಯಲ್ಲಿ ಶಿಲ್ಪಾ ಗುಪ್ತಾ ಅವರು 100 ಮೈಕುಗಳನ್ನು ತೂಗುಹಾಕಿ, ಕವಿತೆಗಾಗಿ ಸೆರೆವಾಸ ಕಂಡ 100 ಕವಿಗಳ ಸಾಲುಗಳನ್ನು ಅವುಗಳ ಮೂಲಕ ಕೇಳಿಸಿದರು. ಮಾತನ್ನು ಒಳಗೆ ಕೊಳ್ಳಬೇಕಾದ ಮೈಕು ಅಲ್ಲಿ ಮಾತನ್ನು ಹೊರಗೆ ಕೊಡುತ್ತಿತ್ತು. ಬಾಯಿ ಕಟ್ಟಿಸಿಕೊಂಡವರ ದನಿಗೆ ಒಂದು ಕೋಣೆ ಕಿವಿಯಾಯಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ಒಂದು ಪ್ರವಾಸ. ಬಾಗಿಲು ತೆರೆದ ಕೂಡಲೇ ನಾವು ಗ್ಯಾಲರಿ ಸೇರಿದ್ದೆವು, ಬೇರೆ ಪ್ರವಾಸಿಗಳು ಇನ್ನೂ ಬಂದಿರಲಿಲ್ಲ. ತರಗತಿಯನ್ನು ಎರಡು ಪಾಲು ಮಾಡಿ ಎದುರುಬದುರು ಕೂರಿಸಿ, ಒಬ್ಬೊಬ್ಬರಾಗಿ ಪಿಸುಗುಟ್ಟಲು ಹೇಳಿದೆ. ಉಳಿದವರು ಉಸಿರೆತ್ತುವಂತಿರಲಿಲ್ಲ. ತರಗತಿಯಲ್ಲಿ ಹೆಸರು ಕರೆದರೆ ಎದ್ದು ನಿಂತು ತಲೆ ತಗ್ಗಿಸುವ ಹುಡುಗನೊಬ್ಬನಿದ್ದ. ಅವನ ಸರದಿ ಬಂದಾಗ ಗೋಡೆಯಿಂದ ನನ್ನ ಕಿವಿಗೆ ಸ್ಪಷ್ಟವಾಗಿ ಬಂತು: "ಕೇಳಸ್ಲತದೇನ್ರಿ ಸರ್?" "ಕೇಳಸ್ಲತದಪಾ, ಹೇಳು" ಎಂದೆ. ಅಂದು ಅವನು ವರ್ಷವಿಡೀ ಆಡದಷ್ಟು ಮಾತನ್ನು ಆ ಗೋಡೆಯೊಡನೆ ಆಡಿದ. ಎದುರಿಗೆ ಮುಖವಿರಲಿಲ್ಲ, ನಗುವವರೂ ಇರಲಿಲ್ಲ. ಶಾಲೆಗೆ ಮರಳಿದ ಮೇಲೆ ಹಿಂದಿನ ಬೆಂಚಿನವರ ಮಾತಿಗೆ ತುಸು ಹೆಚ್ಚು ಹೊತ್ತು ಕಾಯುವುದು ನನಗೆ ರೂಢಿಯಾಯಿತು.

ಅಷ್ಟರಲ್ಲಿ ಮೆಟ್ಟಿಲುಗಳಿಂದ ಜನರ ಗುಂಪು ಏರಿಬಂತು. ಕೇಕೆ, ಸಿಳ್ಳೆ, ಚಪ್ಪಾಳೆ! ಪ್ರತಿಯೊಂದೂ ಹಲವು ಪಟ್ಟಾಗಿ ಮರಳಿ, ಪಿಸುಮಾತು ಅಡಗಿಹೋಯಿತು. ಹಗಲು ಹೊತ್ತಿನಲ್ಲಿ ಗೋಳಗುಮ್ಮಟದ ಸ್ಥಿತಿ ಬಹುಮಟ್ಟಿಗೆ ಇದೇ. ಕಲ್ಲು ಗಾರೆ ಬಿರುಕು ಬಿಟ್ಟರೆ ದುರಸ್ತಿ ಮಾಡಬಹುದು, ಆದರೆ ಮೌನವೂ ಆ ಸ್ಮಾರಕದ ಒಂದು ಭಾಗವೆಂದು ಯಾರೂ ಎಣಿಸುವುದಿಲ್ಲ. ಅದು ಸಮಾಧಿಸ್ಥಳ ಎಂಬುದೂ ಮರೆತುಹೋಗುತ್ತದೆ. ಗಂಟೆಗೆ ಹತ್ತು ನಿಮಿಷ ಎಲ್ಲರೂ ಸುಮ್ಮನಿರುವ ಪದ್ಧತಿಯೊಂದನ್ನು ತಂದರೆ, ರೇಲೀ ಮತ್ತು ರಾಮನ್ನರು ಕಿವಿಗೊಟ್ಟ ಆ ವಿಸ್ಮಯವನ್ನು ಹಳ್ಳಿಯ ಮಗುವೂ ಅನುಭವಿಸಬಹುದು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ನಿಮ್ಮ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಶಿಕ್ಷಕರಾಗಿದ್ದೀರಿ. ಬೆಳಗಿನ ಹೊತ್ತು ಹೋಗಿರಿ. ಮಕ್ಕಳಿಗೆ ಮೊದಲು ಕೇಳಲು ಹೇಳಿರಿ, ಕೂಗುವುದನ್ನು ಯಾರೂ ಕಲಿಸಬೇಕಾಗಿಲ್ಲ. ಮರಳಿದ ಮೇಲೆ ಪ್ರಬಂಧ ಬರೆಸುವಾಗ, ಎಷ್ಟು ಸಲ ಕೇಳಿಸಿತು ಎಂಬುದರ ಜೊತೆಗೆ ಯಾರ ಮಾತು ಕೇಳಿಸಿತು ಎಂದೂ ಬರೆಯಲು ತಿಳಿಸಿರಿ.